ಬಸ್ ನಿಲ್ದಾಣದ ಅಕ್ಕ, ರೇಡಿಯೊದ ತಂಗಿ

ಇನ್ನೂ ಬೆಳಕು ಹರಿದಿಲ್ಲ. ಬಸ್ ನಿಲ್ದಾಣದ ಮೂಲೆಯ ಗಾಜಿನ ಗೂಡಿನಲ್ಲಿ ಕೂತ ಹೆಂಗಸು ಮೈಕಿಗೆ ಫೂ ಎಂದು ಊದಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹೊರಡುವ ಬಸ್ಸಿನ ವಿವರ ಮೊದಲು ಪುಸ್ತಕದ ಭಾಷೆಯಲ್ಲಿ, ಆಮೇಲೆ ಬೆಟ್ಟದ ಮಾತಿನಲ್ಲಿ. ಎರಡನೆಯದು ಕಿವಿಗೆ ಬಿದ್ದಿದ್ದೇ ತಡ, ಬೆಂಚಿನ ಮೇಲೆ ಮುದುಡಿ ಮಲಗಿದ್ದವರು ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ನಿಲ್ದಾಣದವರಿಗೆಲ್ಲ ಇವರು ‘ಮೈಕಕ್ಕ’.

ಪಕ್ಕದ ಟೀ ಅಂಗಡಿಯ ರೇಡಿಯೊದಲ್ಲಿ ವಾರ್ತೆ ಶುರುವಾಗುತ್ತದೆ. ಮೈಕಕ್ಕ ಪಟಕ್ಕನೆ ಕಿಟಕಿ ಎಳೆದುಕೊಳ್ಳುತ್ತಾರೆ. ಓದುತ್ತಿರುವವಳು ಅವರ ಒಡಹುಟ್ಟಿದ ತಂಗಿ.

“ಹೊಟ್ಟೆಕಿಚ್ಚು ಕಣ್ರೀ, ಇನ್ನೇನು?” ಎನ್ನುತ್ತಾರೆ ಮೈಕಕ್ಕನೇ. “ಅವಳಿಗೆ ಶುದ್ಧವಾಗಿ ಮಾತಾಡೋದು ಕಲಿಸಿದ್ದೇ ನಾನು. ಪಾತ್ರೆ ತೊಳೀತಾ ಪಾಠದ ಸಾಲು ಹೇಳಿಕೊಡ್ತಿದ್ದೆ. ರೇಡಿಯೊದವರ ಧ್ವನಿಪರೀಕ್ಷೆಗೆ ಇಬ್ಬರೂ ಒಟ್ಟಿಗೇ ಹೋದ್ವಿ. ಅವಳು ಪಾಸು. ನನ್ನ ಬಾಯಲ್ಲಿ ಇನ್ನೂ ಬೆಟ್ಟ ಇದೆ ಅಂದ್ರು.”

ಅಂದಿನಿಂದ ನೆಂಟರ ಮನೆಗೆ ಹೋದರೂ ಒಂದೇ ಪ್ರಶ್ನೆ: “ನೀವು ವಾರ್ತೆಯವರ ಅಕ್ಕ ಅಲ್ವಾ?” ನಿಲ್ದಾಣದಲ್ಲೂ ಬೆಟ್ಟದ ಮಾತು ಬೇಡವೆಂದು ಮೇಲಿನವರು ಒಮ್ಮೆ ತಾಕೀತು ಮಾಡಿದ್ದರು. ಮೈಕಕ್ಕ ಪುಸ್ತಕದ ಭಾಷೆಯಲ್ಲಷ್ಟೇ ಕೂಗತೊಡಗಿದರು. ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಬೆಟ್ಟದ ತಾಯಿಯೊಬ್ಬಳು ಕೂಗಿದ್ದು ಅರ್ಥವಾಗದೆ ಬಸ್ ತಪ್ಪಿಸಿಕೊಂಡು ಗೂಡಿನೆದುರು ಕುಸಿದು ಕೂತಳು. ಮಾರನೆಯ ದಿನ ಯಾರನ್ನೂ ಕೇಳದೆ ಬೆಟ್ಟದ ಮಾತು ಮತ್ತೆ ಶುರು.

ಈ ವರ್ಷ ರೇಡಿಯೊದವರಿಗೂ ಅದೇ ಮಾತು ಬೇಕಾಯಿತು. ಬೆಟ್ಟದವರಿಗಾಗಿ ಬೇರೆ ವಾರ್ತೆ. ಓದಲು ಅದೇ ತಂಗಿ. ಅವಳು ಅಕ್ಕನ ಬಾಗಿಲಿಗೆ ಬಂದಳು. “ನಾಲಿಗೆ ಹೊರಳ್ತಿಲ್ಲ ಅಕ್ಕಾ. ಒಂದಿಷ್ಟು ಹೇಳಿಕೊಡೇ.”

“ನನಗೆ ಮೈಯೆಲ್ಲ ಉರಿದುಹೋಯ್ತು,” ಎನ್ನುತ್ತಾರೆ ಮೈಕಕ್ಕ. “‘ರೇಡಿಯೊ ಕೆಲಸ ನೀನೇ ತಗೊಂಡೆ, ಈಗ ನನ್ನ ಮಾತೂ ಬೇಕಾ ನಿಂಗೆ’ ಅಂದೆ. ಒಳಗೆ ಬಾ ಅಂತಲೂ ಅನ್ನಲಿಲ್ಲ.”

ತಂಗಿ ಹೊಸ್ತಿಲಲ್ಲೇ ಅತ್ತಳಂತೆ. “ಅಮ್ಮ ನಿನ್ನ ಜೊತೆ ಬೆಟ್ಟದ ಮಾತಲ್ಲಿ ಜಗಳ ಆಡ್ತಾಳೆ, ಹೊಟ್ಟೆ ಹಿಡ್ಕೊಂಡು ನಗ್ತಾಳೆ. ನಾನು ಬಂದರೆ ಸೆರಗು ಸರಿಮಾಡಿಕೊಂಡು ‘ಹೌದಮ್ಮ, ಸರಿಯಮ್ಮ’ ಅಂತಾಳೆ. ಯಾರೋ ಆಫೀಸರ್ ಬಂದ ಹಾಗೆ. ನಂಗೆ ಉರಿಯಲ್ವೇನೇ?”

“ನಿಜ ಹೇಳಲಾ? ಅದನ್ನ ಕೇಳಿ ಮೊದಲು ಎದೆ ತಣ್ಣಗಾಯ್ತು. ಆಮೇಲೆ ಪಾಪ ಅನ್ನಿಸ್ತು. ಒಳಗೆ ಕರೆದೆ.”

ಈಗ ಪ್ರತಿ ಭಾನುವಾರ ಅಮ್ಮನ ಅಡುಗೆಮನೆಯಲ್ಲಿ ಪಾಠ. ತಂಗಿ ತಪ್ಪು ಉಚ್ಚರಿಸಿದಾಗಲೆಲ್ಲ ಅಮ್ಮ ಸೌಟು ಹಿಡಿದೇ ನಗುತ್ತಾರೆ. ಬೆಟ್ಟದ ವಾರ್ತೆಯನ್ನು ತಂಗಿಯೇ ಓದುತ್ತಾಳೆ. ಕಲಿಸಿದವರ ಹೆಸರು ಅದರಲ್ಲಿ ಬರುವುದಿಲ್ಲ. ಬೆಟ್ಟದವರು ಮಾತ್ರ ಗೂಡಿಗೇ ಬಂದು ದೂರುತ್ತಾರೆ: “ನಿನ್ನ ತಂಗಿ ಆ ಮಾತನ್ನ ಹಂಗಾ ಅನ್ನೋದು?”

ಯಾಕೆ ತಿದ್ದಿಲ್ಲ ಎಂದು ಕೇಳಿದರೆ ಮೈಕಕ್ಕ ಮೈಕು ಆರಿದೆಯೇ ಎಂದು ನೋಡಿ, ದನಿ ತಗ್ಗಿಸುತ್ತಾರೆ.

“ತಿದ್ತೀನಿ, ಆದರೆ ವಾರಕ್ಕೆ ಇಷ್ಟಿಷ್ಟೇ. ಎಲ್ಲಾ ತಿದ್ದಿಬಿಟ್ಟರೆ ಅವಳು ಮನೆಗೆ ಯಾಕೆ ಬರ್ತಾಳೆ ಹೇಳಿ?”