ಬಳಸದ ಕರೆಂಟಿಗೆ ಬಿಲ್ಲು ಬೇಡಿದ ಚಪ್ಪಲಿ ಕಂಪನಿ

೧೯೮೪ರಲ್ಲಿ ನಾನು ಮಂಗಳೂರಿನಲ್ಲಿ ವಿದ್ಯುತ್ ಇಲಾಖೆಯ ಮೀಟರ್ ಪರೀಕ್ಷಾ ವಿಭಾಗದ ಜೂನಿಯರ್ ಇಂಜಿನಿಯರ್ ಆಗಿದ್ದೆ. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಭೂಸುಧಾರಣೆಯಲ್ಲಿ ನಮ್ಮ ಗದ್ದೆಗಳು ಒಕ್ಕಲಿನವರಿಗೆ ಹೋದ ಮೇಲೆ, ಇನ್ನು ಓದೇ ನಮ್ಮ ಆಸ್ತಿ ಎಂದು ಅಪ್ಪ ನನ್ನನ್ನು ಪಾಲಿಟೆಕ್ನಿಕ್‌ಗೆ ಸೇರಿಸಿದ್ದರು. ಮದುವೆಯಾಗಿ ಕುಲಶೇಖರದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಮಗಳು ಆ ವರ್ಷವಷ್ಟೇ ಒಂದನೇ ತರಗತಿಗೆ ಸೇರಿದ್ದಳು.

ನಮ್ಮ ವಿಭಾಗದ ಕೆಲಸ ಸರಳ. ಕಾರ್ಖಾನೆಗಳಿಗೆ ದೊಡ್ಡ ಮೀಟರ್ ಇಡುವುದು, ಅದಕ್ಕೆ ಸೀಲು ಹಾಕುವುದು, ಅನುಮಾನ ಬಂದಾಗ ಹೋಗಿ ಪರೀಕ್ಷಿಸುವುದು. ಅನುಮಾನ ಯಾವಾಗಲೂ ಒಂದೇ ಬಗೆಯದು: ಗ್ರಾಹಕ ಕರೆಂಟು ಬಳಸುತ್ತಾನೆ, ಮೀಟರಿನಲ್ಲಿ ತೋರಿಸುವುದಿಲ್ಲ. ನನ್ನ ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಇದು ತಿರುಗಾಮುರುಗಾ ಆದದ್ದು ಒಮ್ಮೆ ಮಾತ್ರ. ಆ ಪ್ರಕರಣ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬೋಳಾರದಲ್ಲಿ ನೇತ್ರಾವತಿ ನದಿಯ ದಂಡೆಗೆ ತಾಗಿ ಒಂದು ಹಂಚಿನ ಕಾರ್ಖಾನೆ ಮುಚ್ಚಿತ್ತು. ಅದನ್ನು ಒಂದು ಚಪ್ಪಲಿ ಕಂಪನಿ ಕೊಂಡಿತು. ಹೊರ ಊರಿನ ಆ ಕಂಪನಿ ಈಗ ಇಲ್ಲ, ಹೆಸರು ಬರೆಯುವುದಿಲ್ಲ. ಚಪ್ಪಲಿ, ಶೂ ಹೊಲಿಯುವುದರ ಜೊತೆಗೆ ತೊಗಲು ಹದ ಮಾಡುವ ಕೆಲಸವೂ ಅಲ್ಲೇ. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಕ್ರೋಮ್ ಎಂಬ ರಾಸಾಯನಿಕದಲ್ಲಿ ಹದ ಮಾಡುತ್ತಾರೆ. ಹಾಗೆ ಉಳಿದ ನೀರಿಗೆ ಹಸಿರು ಮಿಶ್ರಿತ ನೀಲಿ ಬಣ್ಣ, ತಡೆಯಲಾಗದ ನಾತ. ಅದನ್ನು ನೇರವಾಗಿ ನದಿಗೆ ಬಿಡುವಂತಿಲ್ಲ. ತೊಟ್ಟಿಗಳಲ್ಲಿ ತಂಗಿಸಿ, ಗಸಿ ಇಳಿಸಿ, ಏರೇಟರ್ ಎಂಬ ಯಂತ್ರದಿಂದ ಕಡೆದು ಗಾಳಿ ಕೂಡಿಸಿ, ಆಮೇಲೆ ಬಿಡಬೇಕು.

ಕಂಪನಿ ಇದನ್ನು ಬರೀ ಕಟ್ಟಲಿಲ್ಲ, ಊರಿಡೀ ಸಾರಿತು. ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಬೋರ್ಡು. ಪ್ರತಿ ಶೂ ಡಬ್ಬಿಯ ಮೇಲೆ ಹಸಿರು ಅಕ್ಷರ: "ನದಿ ಶುದ್ಧ, ನಡೆ ಶುದ್ಧ." ಶುದ್ಧೀಕರಣ ಘಟಕಕ್ಕೆ ಬೇರೆಯೇ ವಿದ್ಯುತ್ ಸಂಪರ್ಕ ಬೇಕೆಂದು ಅವರೇ ಕೇಳಿಕೊಂಡರು. ಕಾರ್ಖಾನೆಯಲ್ಲಿ ಪವರ್ ಕಟ್ ಆದರೂ ಇದು ನಿಲ್ಲಬಾರದು ಎಂಬುದು ಅವರು ಕೊಟ್ಟ ಕಾರಣ. ಆ ಮೀಟರಿಗೆ ಸೀಲು ಹಾಕಿದವಳು ನಾನೇ.

ಜೂನ್ ಐದು, ಪರಿಸರ ದಿನದಂದು ಘಟಕದ ಉದ್ಘಾಟನೆ. ಕಂಪನಿಯ ಮ್ಯಾನೇಜರ್ ಭಾಸ್ಕರ ಶೆಟ್ಟರು ನನಗೆ ದೂರದ ಸಂಬಂಧ, ಅಮ್ಮನ ಕಡೆಯಿಂದ ಅಣ್ಣನಾಗಬೇಕು. ಕೈ ಹಿಡಿದು ಕರೆದುಕೊಂಡು ಹೋಗುವಷ್ಟು ಉತ್ಸಾಹದಿಂದ ನನ್ನನ್ನು ಒಂದು ಕೊಳದ ಬಳಿ ನಿಲ್ಲಿಸಿದರು. ತಿಳಿನೀರಿನಲ್ಲಿ ಬಣ್ಣದ ಮೀನುಗಳು.

"ಇದು ಘಟಕದಿಂದ ಬಂದ ನೀರು ತಂಗೀ. ನೋಡು, ಮೀನು ಬದುಕ್ತದೆ. ಇನ್ನೆಂತ ಸಾಕ್ಷಿ ಬೇಕು?"

ನಾನು ನಂಬಿದೆ. ಮಗಳಿಗೆ ಶಾಲೆಯ ಶೂ ಅವರ ಅಂಗಡಿಯಿಂದಲೇ ತಂದೆ. ಒಳ್ಳೆಯ ಕಂಪನಿ, ಅಕ್ಕಪಕ್ಕದವರೂ ತನ್ನಿ ಎಂದು ಹೇಳಿದವಳೂ ನಾನೇ. ಅಂದು ಸಮಾರಂಭದಲ್ಲಿ ನದಿ ದಂಡೆಯ ಹೆಂಗಸರಿಗೆ ಪುಕ್ಕಟೆ ಚಪ್ಪಲಿ ಹಂಚಿದರು. ಅವರಲ್ಲಿ ಒಬ್ಬರ ಚಿತ್ರ ಮರುವಾರ ಪತ್ರಿಕೆಯ ಜಾಹೀರಾತಿನಲ್ಲಿ ಬಂತು. ಸೊಂಟದಲ್ಲಿ ಬುಟ್ಟಿ, ಕಾಲಲ್ಲಿ ಹೊಸ ಚಪ್ಪಲಿ, ಬೆನ್ನ ಹಿಂದೆ ನೇತ್ರಾವತಿ, ಬಾಯ್ತುಂಬ ನಗು.

ಎಂಟು ತಿಂಗಳ ನಂತರ, ೧೯೮೫ರ ಫೆಬ್ರವರಿಯಲ್ಲಿ, ನಮ್ಮ ಹಿರಿಯ ಮೀಟರ್ ರೀಡರ್ ಲೋಕಯ್ಯ ತಮ್ಮ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು.

"ಮೇಡಂ, ಚಪ್ಪಲಿ ಕಂಪನಿಯ ನೀರಿನ ಘಟಕದ ಮೀಟರ್ ಸತ್ತಿದೆ ಅಂತ ಕಾಣ್ತದೆ. ಎಂಟು ತಿಂಗಳಿಗೆ ಮುನ್ನೂರ ಹನ್ನೆರಡು ಯೂನಿಟ್ ಉಂಟು."

ನಾನು ಲೆಕ್ಕ ಹಾಕಿದೆ. ಅಲ್ಲಿ ಹತ್ತು ಹೆಚ್.ಪಿ.ಯ ಎರಡು ಏರೇಟರ್, ಐದು ಹೆಚ್.ಪಿ.ಯ ಒಂದು ಪಂಪು. ದಿನಕ್ಕೆ ಹದಿನಾರು ಗಂಟೆ ಓಡಿದರೆ ಸುಮಾರು ಮುನ್ನೂರು ಯೂನಿಟ್ ಆಗಬೇಕು. ಅಂದರೆ ಎಂಟು ತಿಂಗಳಲ್ಲಿ ಆ ಮೀಟರ್ ತೋರಿಸಿದ್ದು ಒಂದು ದಿನದ ಕೆಲಸ. ಮೀಟರ್ ಕೆಟ್ಟಿರಬೇಕು ಎಂದೇ ನಾನೂ ಅಂದುಕೊಂಡೆ. ಮೋಟಾರಿನ ಮೇಲೆ ಅನುಮಾನ ನನ್ನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ನಂಬಿದ್ದೆ.

ಮರುದಿನ ನಾನೂ ಲೋಕಯ್ಯನವರೂ ಹೋದೆವು. ಪರೀಕ್ಷೆಯ ಕ್ರಮ ಹೀಗೆ: ನಾವು ಒಯ್ದ ಸ್ಟ್ಯಾಂಡರ್ಡ್ ಮೀಟರನ್ನು ಅಲ್ಲಿನ ಮೀಟರಿಗೆ ಜೋಡಿಸಿ, ಮೋಟಾರು ಓಡಿಸಿ, ಎರಡೂ ಒಂದೇ ಲೆಕ್ಕ ತೋರಿಸುತ್ತವೆಯೇ ಎಂದು ನೋಡುವುದು. ಮೋಟಾರು ಹಾಕಲು ಹೇಳಿದೆ. ಘಟಕದ ಆಪರೇಟರ್ ಸ್ಟಾರ್ಟರಿನ ಮೇಲಿದ್ದ ಜೇಡರ ಬಲೆಯನ್ನು ಅಂಗೈಯಿಂದ ಒರೆಸಿದ. ಮೊದಲ ಏರೇಟರ್ ಗುಂಯ್ ಎಂದು ಟ್ರಿಪ್ ಆಗಿ ನಿಂತಿತು. ಬೇರಿಂಗ್ ತುಕ್ಕು ಹಿಡಿದಿತ್ತು. ಎರಡನೆಯದು ನಾಲ್ಕನೇ ಸಲಕ್ಕೆ ಓಡಿತು. ತೊಟ್ಟಿಯೊಳಗೆ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಏರೇಟರಿನ ರೆಕ್ಕೆಗಳು ಆ ಹುಲ್ಲನ್ನು ಕತ್ತರಿಸುತ್ತಾ ಸುತ್ತಿದವು.

ಮೀಟರ್ ಸರಿಯಾಗಿತ್ತು. ಶೇಕಡಾ ಒಂದರಷ್ಟೂ ವ್ಯತ್ಯಾಸವಿರಲಿಲ್ಲ.

"ಇದನ್ನು ಯಾವಾಗ ಹಾಕುವುದು?" ಎಂದು ಆಪರೇಟರನನ್ನು ಕೇಳಿದೆ.

ಅವನು ತಲೆ ತಗ್ಗಿಸಿದ. "ಆಫೀಸಿನವರು ನೋಡ್ಲಿಕ್ಕೆ ಬರುವ ದಿನ ಮೇಡಂ. ಬೇರೆ ದಿನ ಹಾಕ್ಲಿಕ್ಕೆ ಇಲ್ಲ."

"ಮತ್ತೆ ಆ ಕೊಳದ ನೀರು?"

"ಅದು ಬಾವಿಯದ್ದು."

ಹಾಗಾದರೆ ತೊಗಲು ಹದ ಮಾಡಿ ಉಳಿದ ಕೊಳಕು ನೀರು ಹೋಗುವುದೆಲ್ಲಿಗೆ? ಅವನು ಹಿಂಬದಿಯ ಗೋಡೆಯ ಕಡೆ ಕಣ್ಣು ಹೊರಳಿಸಿದ. ನಾನು ಗೇಟಿನಿಂದ ಹೊರಬಿದ್ದು ಕಾಂಪೌಂಡು ಸುತ್ತಿ ನದಿಯ ಕಡೆಗೆ ಇಳಿದೆ. ಹಂಚಿನ ಕಾರ್ಖಾನೆಯ ಕಾಲದ ಒಂದು ಕಲ್ಲಿನ ಚರಂಡಿ ಗೋಡೆಯಡಿಯಿಂದ ಬಂದು ಕೆಸರಿಗೆ ಬೀಳುತ್ತಿತ್ತು. ಅದರೊಳಗೆ ನೀಲಿ ನೀರು. ಸಮುದ್ರದ ಇಳಿತದ ಹೊತ್ತು; ನೀರು ಸರಿದ ಕೆಸರಿನಲ್ಲಿ ಒಬ್ಬ ಹೆಂಗಸು ಬಗ್ಗಿ ಮರುವಾಯಿ ಹುಡುಕುತ್ತಿದ್ದಳು. ಮರುವಾಯಿ ಎಂದರೆ ನದಿಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ, ಬಡವರ ಮಾಂಸ. ತಲೆ ಎತ್ತಿದಾಗ ಗುರುತು ಸಿಕ್ಕಿತು. ಜಾಹೀರಾತಿನ ಹೆಂಗಸು ಅವಳೇ.

ಹೆಸರು ಗಿರಿಜಾ, ಮೀನುಗಾರ ಮೊಗವೀರರವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾವು ಆಡಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಬರೆಯುತ್ತೇನೆ.

"ಗಿರಿಜಕ್ಕ, ಅವರು ಕೊಟ್ಟ ಚಪ್ಪಲಿ ಹಾಕುವುದಿಲ್ವಾ?"

ಅವಳು ಕೆಸರಿನಿಂದ ಕಾಲೆತ್ತಿ ತೋರಿಸಿದಳು. ಬೆರಳ ಸಂದುಗಳಲ್ಲಿ, ಪಾದದ ಮೇಲೆ ಗುಂಡುಗುಂಡಾಗಿ ತೂತು ಕೊರೆದಂತಹ ಹುಣ್ಣು.

"ಪಟ್ಟಿ ತಾಗಿದರೆ ಜೀವ ಹೋಗ್ತದೆ ಅಮ್ಮಾ. ಮೊದಲು ಒಂದು ಇಳಿತಕ್ಕೆ ಎರಡು ಬುಟ್ಟಿ ಸಿಕ್ತಿತ್ತು. ಈಗ ನೋಡಿ, ಬರೀ ಚಿಪ್ಪು. ನೀವು ಒಳಗೆ ಎಂತ ಮಾಡ್ಲಿಕ್ಕೆ ಬಂದದ್ದು?"

"ಮೀಟರ್ ನೋಡ್ಲಿಕ್ಕೆ."

"ಮೀಟರ್ ನೋಡಿ ಆಯ್ತಲ್ಲ. ಇದನ್ನು ಯಾರು ನೋಡುವುದು?"



ಕಚೇರಿಗೆ ಮರಳುವಷ್ಟರಲ್ಲಿ ಭಾಸ್ಕರ ಶೆಟ್ಟರು ನಮ್ಮ ಮೇಲಧಿಕಾರಿಯ ಕೋಣೆಯಲ್ಲಿ ಕೂತಿದ್ದರು. ಅವರ ಬೇಡಿಕೆ ಕೇಳಿ ನಾನು ದಂಗಾದೆ. ಮೀಟರ್ ಕೆಟ್ಟಿದೆ ಎಂದು ಬರೆಯಬೇಕಂತೆ. ಮೀಟರ್ ಕೆಟ್ಟಿದ್ದರೆ ಇಲಾಖೆಯ ನಿಯಮದ ಪ್ರಕಾರ ಸರಾಸರಿ ಬಳಕೆ ಅಂದಾಜಿಸಿ ಬಿಲ್ಲು ಮಾಡುತ್ತೇವೆ. ಅಷ್ಟನ್ನೂ ಅವರು ತಕರಾರಿಲ್ಲದೆ ಕಟ್ಟುತ್ತಾರಂತೆ. ಬಳಸದ ಕರೆಂಟಿಗೆ ಬಿಲ್ಲು ಮಾಡಿ ಎಂದು ಬೇಡಿಕೊಂಡ ಗ್ರಾಹಕನನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಯಾಕೆಂದು ಅರ್ಥವಾಗಲು ನನಗೆ ಎರಡು ನಿಮಿಷ ಬೇಕಾಯಿತು. ಆ ಬಿಲ್ಲುಗಳೇ ಘಟಕ ಎಂಟು ತಿಂಗಳೂ ಓಡಿದೆ ಎಂಬುದಕ್ಕೆ ಸರಕಾರಿ ಮುದ್ರೆಯ ದಾಖಲೆ! ಮಾಲಿನ್ಯ ನಿಯಂತ್ರಣ ಕಚೇರಿಗೂ ತೋರಿಸಬಹುದು, ಜಾಹೀರಾತಿಗೂ ಹಾಕಬಹುದು.

"ನಮಗೆಂತಕ್ಕೆ ಮಾರಾಯ್ತಿ?" ಎಂದರು ಮೇಲಧಿಕಾರಿ. "ಮೀಟರ್ ಬದಲಿಸು, ಸರಾಸರಿ ಹಾಕು. ಇಲಾಖೆಗೆ ಲಾಭ ಅಲ್ವಾ?"

"ಮೀಟರ್ ಕೆಡ್ಲಿಲ್ಲ ಸರ್."

ಶೆಟ್ಟರು ದನಿ ತಗ್ಗಿಸಿದರು. "ತಂಗೀ, ನೂರೈವತ್ತು ಮನೆಯ ಒಲೆ ಉರಿಯುವುದು ಅಲ್ಲಿ. ಹಂಚಿನ ಕಾರ್ಖಾನೆ ಮುಚ್ಚಿದಾಗ ಅವರು ಹೇಗಿದ್ದರು ಅಂತ ನಿನಗೆ ಗೊತ್ತುಂಟಲ್ಲ? ಒಂದು ಸಾಲು ಬರೆಯುವುದಕ್ಕೆ ಯಾಕೆ ಹಟ?"

ನೂರೈವತ್ತು ಮನೆಯ ಮಾತು ಸುಳ್ಳಲ್ಲ. ಆದರೆ ಆ ಮನೆಗಳನ್ನು ಗುರಾಣಿ ಮಾಡಿಕೊಂಡು, ಕೊಳಕು ನೀರು ಶುದ್ಧ ಮಾಡುವ ಖರ್ಚು ಉಳಿಸುತ್ತಿದ್ದವರು ಅವರು. ನನಗೆ ಸಿಟ್ಟು ಬಂತು. ವರದಿ ಬರೆದೆ: "ಮೀಟರ್ ಸುಸ್ಥಿತಿಯಲ್ಲಿದೆ. ಯಂತ್ರಗಳನ್ನು ಓಡಿಸಿಲ್ಲ." ಮಾಲಿನ್ಯ ನಿಯಂತ್ರಣ ಕಚೇರಿಗೆ ಫೋನ್ ಮಾಡಿ, ನೀವು ಪತ್ರ ಬರೆದು ಕೇಳಿದರೆ ವರದಿಯ ಪ್ರತಿ ಕೊಡಬಹುದು ಎಂದೆ. ಮೂರನೆಯ ದಿನ ಪತ್ರ ಬಂತು, ಪ್ರತಿ ಹೋಯಿತು. ಕಂಪನಿಗೆ ನೋಟಿಸೂ ಹೋಯಿತು. ನಾನು ಗೆದ್ದೆ ಎಂದುಕೊಂಡೆ.

ಮಾರ್ಚಿನಿಂದ ಮೀಟರ್ ಸರಿಯಾಗಿ ಓಡತೊಡಗಿತು. ದಿನಕ್ಕೆ ಹೆಚ್ಚುಕಡಿಮೆ ಮುನ್ನೂರು ಯೂನಿಟ್. ನೋಟಿಸು ವಾಪಸಾಯಿತು. ಮುಂದಿನ ವರ್ಷದ ಪರಿಸರ ದಿನ ಕಂಪನಿಗೆ ಒಂದು ಫಲಕ, ಶಾಲು ಸಿಕ್ಕಿತು. ನಾನೂ ನಿಶ್ಚಿಂತೆಯಲ್ಲಿದ್ದೆ. ಆ ಎರಡು ವರ್ಷ ನಾನು ಒಮ್ಮೆಯಾದರೂ ಗೋಡೆಯ ಹಿಂದೆ ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಅದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

೧೯೮೭ರ ಮೇ ತಿಂಗಳ ಒಂದು ಬೆಳಿಗ್ಗೆ ಫೋನ್ ಬಂತು. ಕಾರ್ಖಾನೆಯ ಪ್ಯಾನೆಲ್ ರೂಮಿಗೆ ನೀರು ನುಗ್ಗಿದೆ, ಕೂಡಲೇ ಸಪ್ಲೈ ಕಡಿಯಬೇಕು. ಮಳೆ ಇನ್ನೂ ಶುರುವಾಗಿರಲಿಲ್ಲ. ಎಲ್ಲಿಯ ನೀರು? ಜೀಪಿನಲ್ಲಿ ಹೋಗಿ ನೋಡಿದರೆ ಅಂಗಳವೆಲ್ಲ ನೀಲಿ. ಪ್ಯಾಕಿಂಗ್ ಶೆಡ್ಡಿನಲ್ಲಿ ಶೂ ಡಬ್ಬಿಗಳು ತೇಲುತ್ತಿದ್ದವು. ಗಿರಿಜಕ್ಕನೂ ಇನ್ನು ಆರು ಹೆಂಗಸರೂ ಗೋಡೆಯ ಹಿಂದೆ ಆ ಕಲ್ಲಿನ ಚರಂಡಿಯ ಬಾಯಿಗೆ ಮರಳು ತುಂಬಿದ ಗೋಣಿ ಜಡಿದು, ಅದರ ಮೇಲೆಯೇ ಕೂತಿದ್ದರು. ಪೊಲೀಸರು ಬಂದಿದ್ದರೂ ಆ ಕೆಸರಿಗೆ ಇಳಿಯಲು ಯಾರೂ ತಯಾರಿರಲಿಲ್ಲ.

ನಾನು ಹೊರಗಿನ ಕಂಬದಲ್ಲೇ ಫ್ಯೂಸು ಎಳೆಸಿದೆ. ಆಮೇಲೆ ಘಟಕದ ಕಡೆ ನೋಡಿದೆ. ಅಷ್ಟು ಹೊತ್ತೂ ಓಡುತ್ತಿದ್ದ ಏರೇಟರುಗಳು ಆಗಷ್ಟೇ ನಿಂತಿದ್ದವು. ತೊಟ್ಟಿಯಲ್ಲಿದ್ದದ್ದು ತಿಳಿಯಾದ ಬಾವಿನೀರು. ಎರಡು ವರ್ಷ ಅವರು ದಿನಕ್ಕೆ ಮುನ್ನೂರು ಯೂನಿಟ್ ಸುಟ್ಟು ಬಾವಿನೀರನ್ನು ಕಡೆದಿದ್ದರು. ನನ್ನ ಮೀಟರಿಗಾಗಿ! ಕೊಳಕು ನೀರು ಒಂದು ದಿನವೂ ಆ ತೊಟ್ಟಿಗೆ ಬಂದಿರಲಿಲ್ಲ. ಬಂದರೆ ಅದರ ಗಸಿ ಇಳಿಸಿ ಸಾಗಿಸುವ ಖರ್ಚು ಕರೆಂಟಿನ ಬಿಲ್ಲಿಗಿಂತ ಎಷ್ಟೋ ಹೆಚ್ಚು.

ಭಾಸ್ಕರ ಶೆಟ್ಟರು ಪ್ಯಾಕಿಂಗ್ ಮೇಜಿನ ಮೇಲೆ ನಿಂತಿದ್ದರು. ಕಾಲಲ್ಲಿ ಕಂಪನಿಯದೇ ಹೊಳೆಯುವ ಶೂ.

"ತಂಗೀ, ಆ ಹೆಂಗಸರನ್ನು ಈಗ ಏಳಿಸ್ತಾರೆ. ನೀರು ಇಳಿದ ಕೂಡಲೇ ಸಪ್ಲೈ ಕೊಡಬಹುದು ಅಂತ ಒಂದು ಸಹಿ ಹಾಕು. ಮುಂದಿನ ವಾರ ಆರ್ಡರ್ ಹೋಗ್ಲಿಕ್ಕುಂಟು."

"ಹಾಕ್ತೇನೆ ಭಾಸ್ಕರಣ್ಣ. ಶೂ ತೆಗೆದು ಕೆಳಗೆ ಇಳಿಯಿರಿ. ಹತ್ತು ನಿಮಿಷ ಈ ನೀರಿನಲ್ಲಿ ನಿಂತು ಸಹಿ ಕೇಳಿ."

ಅವರು ನನ್ನನ್ನು ನೋಡಿದರು, ನೀರನ್ನು ನೋಡಿದರು. ಶೆಟ್ಟರು ಇಳಿಯಲಿಲ್ಲ.

ನೀರು ನುಗ್ಗಿದ ಜಾಗಕ್ಕೆ ಹೊಸದಾಗಿ ಸುರಕ್ಷತಾ ಪರೀಕ್ಷೆಯಾಗದೆ ಕರೆಂಟು ಕೊಡುವಂತಿಲ್ಲ. ವರದಿಯಲ್ಲಿ ನುಗ್ಗಿದ ನೀರು ಯಾವುದು, ಎಲ್ಲಿಯದು ಎಂದು ಬಣ್ಣ ಸಹಿತ ಬರೆದೆ. ಪೊಲೀಸರ ಸಹಿಯನ್ನೂ ತೆಗೆದುಕೊಂಡೆ. ಅದಕ್ಕೆ ಸ್ವಲ್ಪ ಮೊದಲಷ್ಟೇ ಹೊಸ ಪರಿಸರ ಕಾನೂನು ಬಂದಿತ್ತು. ಮಾಲಿನ್ಯ ಮಾಡುವ ಕಾರ್ಖಾನೆಯ ವಿದ್ಯುತ್ ನಿಲ್ಲಿಸಲು ಅದರಲ್ಲಿ ಅವಕಾಶವಿತ್ತು. ಮರು ಸಂಪರ್ಕ ಕೊಡಬಾರದೆಂಬ ಆದೇಶ ಕೆಲವೇ ದಿನಗಳಲ್ಲಿ ನಮ್ಮ ಕೈಸೇರಿತು.

ಇಲ್ಲಿಗೆ ಸುಖಾಂತ್ಯ ಎಂದು ಬರೆಯಲು ನನಗೂ ಆಸೆ. ಕಂಪನಿ ಹದ ಮಾಡುವ ವಿಭಾಗವನ್ನು ಮುಚ್ಚಿತು. ಅಲ್ಲಿನ ನಲ್ವತ್ತು ಜನ ಬೀದಿಗೆ ಬಿದ್ದರು. ಹೊಲಿಗೆ ವಿಭಾಗಕ್ಕೆ ಮಾತ್ರ ಸಂಪರ್ಕ ಮರಳಿತು. ಹದ ಮಾಡಿದ ತೊಗಲನ್ನು ಬೇರೆ ರಾಜ್ಯದಿಂದ ತರಿಸತೊಡಗಿದರು. ಆ ತೊಗಲು ಬರುವ ಊರಿನಲ್ಲೂ ನದಿಯೊಂದು ಇರಬೇಕು, ಅದರ ಕೆಸರಿನಲ್ಲಿ ನಿಲ್ಲುವ ಹೆಂಗಸರೂ ಇರಬೇಕು. ಇಲ್ಲಿ ಹೊಸ ಜಾಹೀರಾತು ಬಂತು: "ಈಗ ನಮ್ಮ ಕಾರ್ಖಾನೆಯಿಂದ ಒಂದು ಹನಿ ಕೊಳಕು ನೀರೂ ಇಲ್ಲ." ಅಕ್ಷರಶಃ ನಿಜ! ನಾನು ಆ ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದೆ.

ನನಗೆ ಆ ಡಿಸೆಂಬರಿನಲ್ಲಿ ಘಟ್ಟದ ಮೇಲಕ್ಕೆ ವರ್ಗವಾಯಿತು. ಹೋಗುವ ಮುಂಚೆ ತೊಕ್ಕೊಟ್ಟು ಪೇಟೆಯಲ್ಲಿ ಗಿರಿಜಕ್ಕ ಸಿಕ್ಕಿದಳು. ಮರುವಾಯಿ ಬಿಟ್ಟು ಮೀನು ಮಾರುತ್ತಿದ್ದಳು. ಹುಣ್ಣು ಒಣಗಿತ್ತು, ಗುಳಿ ಬಿದ್ದ ಕಲೆ ಉಳಿದಿತ್ತು. "ಮರುವಾಯಿ ಮತ್ತೆ ಬರ್ತದಾ ಅಕ್ಕ?" ಎಂದೆ. "ಎರಡು ಮಳೆ ಹೋಗ್ಲಿ, ನೋಡುವ," ಎಂದು ನನ್ನ ಚೀಲಕ್ಕೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು.

ಇಂಥ ಕಂಪನಿಗಳ ಪರಿಸರ ಕಾಳಜಿ ನಿಜವೋ ನಾಟಕವೋ ಎಂದು ಈಗಿನವರು ಕೇಳುತ್ತಾರೆ. ಎಲ್ಲ ಕಂಪನಿಗಳ ಬಗ್ಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ಪ್ರಾಮಾಣಿಕರೂ ಇರಬಹುದು. ಆದರೆ ಮೀಟರ್ ತನ್ನ ಮೂಲಕ ಹಾದದ್ದನ್ನು ಮಾತ್ರ ಅಳೆಯುತ್ತದೆ, ಹಾಗೆಯೇ ಕಾಗದ ತನ್ನ ಮೇಲೆ ಬರೆದದ್ದನ್ನು ಮಾತ್ರ ಹೇಳುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಮುಂದೆ ನನ್ನ ಕೈಕೆಳಗೆ ಬಂದ ಪ್ರತಿ ಜೂನಿಯರ್ ಇಂಜಿನಿಯರಿಗೂ ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಒಂದು ಕೆಲಸ ಹೇಳುತ್ತಿದ್ದೆ. ಒಳಗೆ ಪರೀಕ್ಷೆ ಮುಗಿಸಿ ಸಹಿ ಹಾಕುವ ಮುಂಚೆ ಕಾಂಪೌಂಡಿನ ಹೊರಗೆ ಒಂದು ಸುತ್ತು ಹೋಗಬೇಕು. ಅಲ್ಲಿ ಬದುಕುವವರನ್ನು ಮಾತಾಡಿಸಬೇಕು. ಅವರ ಮುಖ ನೋಡಿ ಸಹಿ ಹಾಕಲು ಧೈರ್ಯ ಬಂದರೆ ಮಾತ್ರ ಹಾಕಬೇಕು.