ತಗಡಿನ ಕೆಳಗೆ ಆಕಾಶ ಹುಡುಕಿದ ಕಮಿಟಿ

ಮೊನ್ನೆ ನನ್ನ ಸೊಸೆ ಶಾಂತಾ ಆಫೀಸು ಮುಟ್ಟಿದಾಗ ಅವಳ ಮೊಬೈಲಿನಲ್ಲಿ ಒಂಬತ್ತು ಐವತ್ತೈದು. ಹೆಬ್ಬೆಟ್ಟು ಒತ್ತುವ ಯಂತ್ರದಲ್ಲಿ ಹತ್ತೂ ನಾಲ್ಕು. ಯಂತ್ರದ ಮಾತೇ ನಡೆಯಿತು. ಲೇಟ್! (ಆಫೀಸು ಕುಷ್ಟಗಿಯದೋ ಯಲಬುರ್ಗಾದ್ದೋ ಹೇಳುವುದಿಲ್ಲ. ಅವಳು ಅಲ್ಲೇ ದುಡಿಯಬೇಕು.)

ಮೂರು ಲೇಟಿಗೆ ಒಂದು ರಜೆ ಕಟ್. ಇದು ಮೂರನೆಯದು. ಉಳಿದಿದ್ದ ಒಂದೇ ರಜೆಯನ್ನು ಈ ಗುರುವಾರ ನನ್ನ ಕಣ್ಣಿನ ಪೊರೆ ತೆಗೆಸಲೆಂದು ಇಟ್ಟುಕೊಂಡಿದ್ದಳು.

"ಅತ್ತಿ, ಮುಂದಿನ ವರ್ಷ ಮಾಡಿಸೂಣೇನ್ರಿ?"

"ಅಲ್ಲೀತನಕ ನಿನ್ನ ಮಾರಿ ಮಬ್ಬಮಬ್ಬಾಗೇ ನೋಡ್ಲೇನು?" ಎಂದು ಚಪ್ಪಲಿ ಮೆಟ್ಟಿದೆ.

ಆಫೀಸಿನ ಹೆಡ್ ಕ್ಲರ್ಕ್ ನನಗೆ ಪಾಠ ಮಾಡಿದರು. "ಯಮ್ಮಾ, ಈ ಟೈಮ್ ತಪ್ಪಂಗಿಲ್ಲ. ಉಪಗ್ರಹದಿಂದ ಬರತೈತಿ. ಈ ರಿಸೀವರ್ ಅದನ್ನ ಹಿಡದು ಎಲ್ಲಾ ಕಂಪ್ಯೂಟರಿಗೂ, ಹೆಬ್ಬೆಟ್ಟಿನ ಯಂತ್ರಕ್ಕೂ ಹಂಚತೈತಿ. ನಾಕು ಮಂದಿ ಕಮಿಟಿ ಮಾಡಿ ಆರಿಸೀವಿ."

ನಾಲ್ಕು ಮಂದಿ! ನನ್ನನ್ನು ಸೊಸೆಯಾಗಿ ಆರಿಸಲು ಬಂದವರೇ ಇಬ್ಬರು.

ಏನು ನೋಡಿ ಆರಿಸಿದರು? ಎರಡು ನಮೂನೆಯ ರಿಸೀವರ್ ಪೆಟ್ಟಿಗೆ ಬಂದಿದ್ದವಂತೆ. ಒಂದಕ್ಕೆ ಮಾಳಿಗೆ ಮುಟ್ಟುವಷ್ಟು ಉದ್ದದ ವೈರು. ನಡುವೆ ಸಿಗ್ನಲ್ ಹೋದರೂ ದಿನಗಟ್ಟಲೆ ಹೊತ್ತು ತಪ್ಪದು. ಆದರೆ ನೋಡಲು ಕರ್ರಗೆ, ಬೋಳು. ಇನ್ನೊಂದಕ್ಕೆ ಕೆಂಪು ಅಂಕಿ, ಸಾಹೇಬರ ಕುರ್ಚಿಯಿಂದಲೇ ಕಾಣುವಷ್ಟು ದಪ್ಪ. ಕೆಂಪು ಅಂಕಿ ಗೆದ್ದಿತು. ಬಾವಿಯ ಆಳ ನೋಡದೆ ಹಗ್ಗದ ಬಣ್ಣ ನೋಡಿ ಕೊಂಡವರನ್ನು ಏನೆನ್ನುತ್ತಾರೆ? (ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.)

"ಆಕಾಶದಿಂದ ಹಿಡಿಯೂದು ಎಲ್ಲೈತಿ, ತೋರಸಪಾ."

ಗೆದ್ದ ಪೆಟ್ಟಿಗೆಯ ವೈರು ಗಿಡ್ಡ. ಕಿಟಕಿ ದಾಟಿ ಸ್ಕೂಟರ್ ಶೆಡ್ಡಿಗೇ ಮುಗಿದಿತ್ತು. ಅದರ ತುದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಆಂಟೆನಾ. ಮೇಲೆ ಕುಂಕುಮ, ಒಣಗಿದ ಚೆಂಡುಹೂವು.

"ಇದಕ್ಕ ಆಕಾಶ ಕಾಣಬೇಕಲ್ಲ?"

"ಕಾಣಬೇಕ್ರಿ."

"ಮ್ಯಾಲೇನೈತಿ?"

ತಲೆ ಎತ್ತಿದರು. ತಗಡು.

"ಸರ್ಕಾರಿ ಸಾಮಾನು, ಯಮ್ಮಾ. ಮಳಿ-ಬಿಸಲಾಗ ಇಡಾಕ ಬರತೈತೇನು?"

ಆಕಾಶ ಕಾಣದ ರಿಸೀವರ್ ತನಗೆ ತೋಚಿದಂತೆ ಓಡಿ ಒಂಬತ್ತು ನಿಮಿಷ ಮುಂದೆ ಹೋಗಿತ್ತು. ಕಂಪ್ಯೂಟರುಗಳೆಲ್ಲ ಕುರಿಹಿಂಡಿನಂತೆ ಅದರ ಹಿಂದೆ.

ಅಷ್ಟರಲ್ಲಿ ಸಾಹೇಬರು ಬಂದರು. (ಎಷ್ಟು ಹೊತ್ತಿಗೆ ಎನ್ನಬೇಡಿ. ಅವರ ಹೆಬ್ಬೆಟ್ಟಿಗೆ ಯಂತ್ರವಿಲ್ಲ.) ಶಾಂತಾಳ ರಜೆ ಕೇಳಿದೆ.

"ಬರದು ಕೊಡ್ರಿ ಅಜ್ಜಿ, ಕಮಿಟಿ ಮುಂದ ಇಡೂಣು."

"ನಾ ಪೇಪರಿಗೆ ಬರಿಯಾಕಿ, ಸಾಹೇಬ್ರ. ಅಲ್ಲೇ ಇಡ್ಲೇನು?"

ಸಂಜೆಯೊಳಗೆ ರಜೆ ವಾಪಸ್ ಬಂತು. ಉದ್ದನೆಯ ವೈರಿಗೆ ಹೊಸ ಕಮಿಟಿಯೂ ಆಯಿತು, ಅದೇ ನಾಲ್ಕು ಮಂದಿಯದು. ಬರೆಯುವುದಿಲ್ಲ ಎಂದು ನಾನೇನೂ ಮಾತು ಕೊಟ್ಟಿರಲಿಲ್ಲ.

ಗುರುವಾರ ನನ್ನ ಆಪರೇಶನ್. ಪೊರೆ ಬಂದ ಕಣ್ಣಿಗೆ ಕಂಡ ತಗಡು ಕಮಿಟಿಯ ಎಂಟು ಕಣ್ಣಿಗೆ ಕಾಣಲಿಲ್ಲವೆಂದರೆ, ಡಾಕ್ಟರು ಮೊದಲು ಮಲಗಿಸಬೇಕಾದ್ದು ಯಾರನ್ನು?