ಬೂದಿ ಮಲಗಿದ ಜಾಗ

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ನಾನು ಲೋಡು ಗಾಡಿ ಓಡಿಸುವವನು. ಗೂಡಲೂರಿನ ದ್ರಾಕ್ಷಿ, ಕೊಂಬೈ ತೆಂಗಿನಕಾಯಿ ಹೇರಿಕೊಂಡು ದಿಂಡಿಗಲ್, ಪಳನಿ ಅಂತ ಹೊತ್ತಲ್ಲದ ಹೊತ್ತಿನಲ್ಲಿ ತಿರುಗಿದ್ದೇನೆ. ಕುಮಳಿ ಘಾಟಿಯ ತಿರುವಿನಲ್ಲಿ ಒಬ್ಬನೇ ಟೈರು ಬದಲಾಯಿಸಿದ್ದೇನೆ. ಬಿಳಿ ಸೀರೆಯವಳು ಒಬ್ಬಳಾದರೂ ಬಂದು ಜಾಕಿ ಹಿಡಿದುಕೊಡಲಿಲ್ಲ. ಹಾಗಾಗಿ ಟೀ ಅಂಗಡಿಯಲ್ಲಿ ಯಾರಾದರೂ ಅಂಥದ್ದು ಶುರು ಮಾಡಿದರೆ, ಲೋಟ ಇಟ್ಟು ಎದ್ದು ಬರುತ್ತಿದ್ದೆ.

ಈಗ ನಾನೇ ಹೇಳಬೇಕಾಗಿದೆ. ನೀವು ನಂಬಿ, ಬಿಡಿ, ಅದು ನಿಮ್ಮಿಷ್ಟ. ಆದರೆ ಮನೆಯ ಬೆಲೆ ಇಳಿಸೋಕೆ ಮಾಡಿದ ಆಟ ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಅದೂ ತಮಿಳು ಸ್ಕೂಲು. ತಮಿಳುನಾಡಿನಲ್ಲೇ ಹುಟ್ಟಿ ಬೆಳೆದರೂ ಕನ್ನಡ ನಮ್ಮ ಮನೆಯ ಮಾತು. ಅದರ ಅಕ್ಷರ ಕಲಿತದ್ದು ಚಾಮರಾಜನಗರದ ಬಾಳೆಮಂಡಿಗೆ ಹೋಗಿ ಬರುವಾಗ, ಬೋರ್ಡು ಓದಿ, ಅಲ್ಲಿಯ ಗುಮಾಸ್ತನ ಕೈಲಿ ಬೈಸಿಕೊಂಡು. ಸುತ್ತಿ ಬಳಸಿ ಬರೆಯೋಕೆ ನನಗೆ ಬರೋದಿಲ್ಲ.

ಮನೆ ಬೇಕಾಗಿದ್ದು ನನ್ನ ಅವ್ವನಿಗೆ. ಅಪ್ಪ ಜ್ವರದಲ್ಲಿ ಹೋದ ಮೇಲೆ ನಾವು ದೊಡ್ಡಪ್ಪನ ಮನೆಯ ಹಿಂದಿನ ಎರಡು ಕೋಣೆಯಲ್ಲಿದ್ದೆವು. ದೊಡ್ಡಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಅಂಗಳದ ನಲ್ಲಿಗೆ ಬೀಗ ಹಾಕಿದ, ಅಷ್ಟೇ. ಅವ್ವ ದಿನಾ ಬೆಳಿಗ್ಗೆ ಕೊಡ ಹಿಡಿದುಕೊಂಡು ಹೋಗಿ ಬೀಗದ ಕೈ ಕೇಳಬೇಕು. ದೊಡ್ಡವ್ವ ಕಾಫಿ ಕುಡಿದು ಮುಗಿಸಿ ಕೊಡುತ್ತಾಳೆ. ತನ್ನದೇ ಹೊಸ್ತಿಲು, ತನ್ನದೇ ನಲ್ಲಿ, ಇಷ್ಟೇ ಅವ್ವ ಕೇಳಿದ್ದು. ಗಾಡಿಯ ಸಾಲ ತೀರಿದ್ದೇ ತಡ, ಮನೆ ಹುಡುಕೋಕೆ ಶುರು ಮಾಡಿದೆ.

ಕೊಂಬೈಯಿಂದ ಬೆಟ್ಟದ ಕಡೆ ಹೋದರೆ ಇಳಿಜಾರಿನಲ್ಲಿ ಹೊಸದಾಗಿ ಮನೆಗಳು ಎದ್ದಿವೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ಮಾರಾಟಕ್ಕಿತ್ತು. ಕಟ್ಟಿಸಿದವನು ಮದುರೈ ಕಡೆಯ ವಕೀಲ. ಕಟ್ಟಿಸಿ ಒಂದು ದಿನವೂ ಇರಲಿಲ್ಲವಂತೆ. ತೋರಿಸೋಕೆ ಬಂದ ಬ್ರೋಕರ್ ತಮಿಳಿನವನು, ಅವನ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವನು ನನ್ನನ್ನು ಜಗುಲಿಯ ಮೇಲೆ ನಿಲ್ಲಿಸಿ ಕೈ ಚಾಚಿದ.

"ನೋಡು ತಂಬಿ, ಕಣಿವೆ ಪೂರ್ತಿ ನಿನ್ನದೇ. ಕಾಫಿ ಲೋಟ ಹಿಡ್ಕೊಂಡು ಕೂತ್ರೆ ಟಿವಿಯೇ ಬೇಡ."

ತೋಪುಗಳು, ದ್ರಾಕ್ಷಿ ಚಪ್ಪರಗಳು, ದೂರದಲ್ಲಿ ಗಾಳಿ ಯಂತ್ರಗಳು, ಎಲ್ಲಾ ಕಾಣುತ್ತಿತ್ತು, ಸುಳ್ಳಲ್ಲ. ನಾನು ಕೇಳಿದ್ದು, ಬೋರಿನಲ್ಲಿ ನೀರಿದೆಯಾ ಅಂತ.

"ನೀರು ಕೆಳಗೆ ಕಾಣ್ತಿದೆಯಲ್ಲ ತಂಬಿ, ನದಿ!"

ಇಂಥವನು ಅವನು. ಬೆಲೆಗೆ ಅವನ ಜೊತೆ ಜಗಳ ಆಡಿದ್ದು ನಿಜ. ಅಡುಗೆಮನೆಯ ಹಿಂಬಾಗಿಲ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿದರೂ ಅಲ್ಲಾಡಲಿಲ್ಲ. ಅದನ್ನು ಸರಿ ಮಾಡಿಸಿಕೊಡು ಅಂತಲೂ ಜಗಳ ಆಡಿದೆ. ಜಗಳ ಆಡದೆ ಯಾರಾದರೂ ಮನೆ ತಗೊಳ್ಳುತ್ತಾರಾ? ಈ ಚಿಲಕ ನೆನಪಿಟ್ಟುಕೊಳ್ಳಿ.

ಇನ್ನು ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮ ಮನೆತನದಲ್ಲಿ ಜಾಗಕ್ಕೆ ಮಾತು ಕೊಡುವ ಮೊದಲು ಹಸು ಒಪ್ಪಬೇಕು. ಮನೆಯ ಹಸುವನ್ನು ಕರೆದುಕೊಂಡು ಹೋಗಿ, ಹಗ್ಗ ಸಡಿಲ ಬಿಟ್ಟು, ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡದೆ ಕೂರಬೇಕು. ಹಸು ಎಲ್ಲೆಯೊಳಗೆ ಮಲಗಿ ಮೆಲುಕು ಹಾಕಿದರೆ ಜಾಗ ಒಳ್ಳೆಯದು. ಮಲಗದೆ ಹೊರಗೆ ಹೋದರೆ ಬಿಟ್ಟುಬಿಡಬೇಕು. ಸಿಮೆಂಟು ನೆಲ, ಟೈಲ್ಸು ಹಾಕಿದ ಮನೆಗೆ ಇದೆಲ್ಲಾ ಯಾತಕ್ಕೆ ಅಂತ ನಾನು ಕೂಗಾಡಿದೆ. ಅವ್ವ ಕೇಳಲಿಲ್ಲ. ಕೊನೆಗೆ ನಮ್ಮ ಹಸು ಬೂದಿಯನ್ನು ಗಾಡಿಗೆ ಹತ್ತಿಸಿ, ಕಾಲಿಗೆ ಜಾರದಂತೆ ಗೋಣಿ ಹಾಸಿ, ಬೆಟ್ಟ ಹತ್ತಿಸಿದೆ. ಬೂದಿ ಬಣ್ಣದವಳು, ಅದಕ್ಕೇ ಆ ಹೆಸರು. ಅಪ್ಪ ಹೋದ ಮೇಲೆ ಹುಟ್ಟಿದವಳು.

ಗೇಟಿನ ಹತ್ತಿರ ನಾವು ನಾಲ್ಕು ಜನ ಕೂತೆವು. ನಾನು, ಅವ್ವ, ಬ್ರೋಕರ್, ಮತ್ತೆ ದೊಡ್ಡಪ್ಪ. ದೊಡ್ಡಪ್ಪನನ್ನು ಯಾರೂ ಕರೆದಿರಲಿಲ್ಲ. ಹಿರಿಯನಾಗಿ ಬರದಿದ್ದರೆ ಹೇಗೆ ಅಂತ ಬಂದಿದ್ದ. ಬೂದಿ ಅಂಗಳದಲ್ಲಿ ದಾಸವಾಳದ ಗಿಡ ಕಡಿಯುತ್ತಾ ನಿಂತಿದ್ದಳು. ಮನೆಯ ಹಿಂದೆಯೇ ಬೆಟ್ಟ, ಅದಕ್ಕೆ ಅಲ್ಲಿ ಹೊತ್ತು ಬೇಗ ಇಳಿಯುತ್ತದೆ. ಬೆಟ್ಟದ ನೆರಳು ಮೊದಲು ಮನೆಯ ಮೇಲೆ ಬಿತ್ತು, ಆಮೇಲೆ ನಮ್ಮ ಮೇಲೆ. ಕೆಳಗೆ ಕಣಿವೆಯಲ್ಲಿ ಇನ್ನೂ ಬಿಸಿಲಿತ್ತು. ಕತ್ತಲೆಯಲ್ಲಿ ಏನೋ ಕಂಡೆ ಅನ್ನುವ ಮಾತೇ ಇಲ್ಲಿಲ್ಲ.

ಆಗ ಮನೆಯ ಒಳಗಿನಿಂದ, ಹಿಂದಿನ ಕೋಣೆಯಿಂದ, ಯಾರೋ ಹಸುವನ್ನು ಕೂಗಿ ಕರೆದರು.

ದನ ಮೇಯಿಸುವವರಲ್ಲಿ ಒಬ್ಬೊಬ್ಬರ ಕೂಗು ಒಂದೊಂದು. ಅದು ನನ್ನ ಅಪ್ಪನ ಕೂಗು. "ಹೋ... ಬಾರವ್ವೋ... ಬಾರೋ..." ಆಮೇಲೆ ನಾಲಿಗೆಯಲ್ಲಿ ಎರಡು ಸಲ ಲೊಚಗುಟ್ಟುವ ಸದ್ದು. ಅಪ್ಪನ ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಅದನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಳ್ಳುವಾಗ ಕೂಗಿನ ನಡುವೆ ಒಂದು ಸಣ್ಣ ತಡೆ ಬರುತ್ತಿತ್ತು. ಆ ತಡೆಯೂ ಇತ್ತು. ಅಪ್ಪ ಹೋದ ಮೇಲೆ ಆ ಕೂಗನ್ನು ಯಾರೂ ಕೂಗಿಲ್ಲ. ನಾನು ಹಸುವನ್ನು ಕರೆಯೋದು ಚಪ್ಪಾಳೆ ತಟ್ಟಿ.

ಬೂದಿ ಕಿವಿ ನಿಮಿರಿಸಿದಳು. ಒಂದು ಸಲ ಅಂಬಾ ಅಂದಳು. ಕರೆದವರಿಗೆ ಉತ್ತರ ಕೊಟ್ಟ ಹಾಗೆ. ನೇರವಾಗಿ ಮೆಟ್ಟಿಲು ಹತ್ತಿ, ತೆರೆದಿದ್ದ ಮುಂಬಾಗಿಲಿನಿಂದ ಒಳಗೆ ಹೋಗಿ, ನಡುಮನೆ ದಾಟಿ, ಹಿಂದಿನ ಕೋಣೆಗೆ ಹೋದಳು. ಟೈಲ್ಸಿನ ಮೇಲೆ ಹಗ್ಗ ಎಳೆದುಕೊಂಡು ಹೋಗುವ ಸದ್ದು ನಮ್ಮೆಲ್ಲರಿಗೂ ಕೇಳಿಸಿತು. ಆಮೇಲೆ ಅದೂ ನಿಂತಿತು.

ನಾನು ಎದ್ದು ಒಳಗೆ ಓಡಿದೆ. ಕೋಣೆಯಲ್ಲಿ ಹಸು ಇರಲಿಲ್ಲ. ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ. ಒಂದು ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಮಣ್ಣು ಮೆತ್ತಿದ ಗೊರಸಿನ ಗುರುತು ಕೋಣೆಯ ನಡುವಿನವರೆಗೆ ಬಂದು ನಿಂತಿತ್ತು. ಅಲ್ಲಿ ಹಗ್ಗ ಬಿದ್ದಿತ್ತು. ಕುತ್ತಿಗೆಗೆ ಹಾಕಿದ ಕುಣಿಕೆ ಹಾಗೇ ಇತ್ತು, ಗಂಟು ಬಿಚ್ಚಿರಲಿಲ್ಲ. ಅಡುಗೆಮನೆಗೆ ಓಡಿ ಹಿಂಬಾಗಿಲು ಎಳೆದೆ. ಚಿಲಕ ಕಚ್ಚಿಕೊಂಡೇ ಇತ್ತು.

ಕಿಟಕಿಯಲ್ಲಿ ನೋಡಿದರೆ ಬೂದಿ ಹೊರಗಿದ್ದಳು. ಎದೆಯೆತ್ತರದ ಕಾಂಪೌಂಡು ಗೋಡೆಯ ಆಚೆ, ಬೇವಿನ ಮರದ ಕೆಳಗೆ, ಬೆಟ್ಟದ ಕಡೆ ಮುಖ ಮಾಡಿ ಮಲಗಿ ಮೆಲುಕು ಹಾಕುತ್ತಿದ್ದಳು.

ಹಗ್ಗ ಎತ್ತಿಕೊಂಡು, ಕಲ್ಲು ಮುಳ್ಳು ಹತ್ತಿ, ಲುಂಗಿ ಹರಿದುಕೊಂಡು, ಸುತ್ತಿ ಬಳಸಿ ಅವಳ ಹತ್ತಿರ ಹೋದೆ. ಆ ಕುಣಿಕೆಯನ್ನು ಕೊಂಬಿನ ಮೇಲಿಂದ ತೂರಿಸೋಕೆ ನೋಡಿದೆ. ಹೋಗಲಿಲ್ಲ. ಗಂಟು ಬಿಚ್ಚಿಯೇ ಮತ್ತೆ ಕಟ್ಟಬೇಕಾಯಿತು. ಲೋಡಿಗೆ ಹಾಕುವ ಗಂಟು ಅದು, ನನ್ನ ಕೈಯದೇ.

ವಾಪಸು ಬಂದರೆ, ಕಿಟಕಿಯಲ್ಲಿ ಎಲ್ಲಾ ನೋಡಿದ್ದ ಇವರ ಪಂಚಾಯಿತಿ ಶುರುವಾಗಿತ್ತು. ದೊಡ್ಡಪ್ಪನ ಮುಖ ಬೆಳ್ಳಗಾಗಿದ್ದರೂ ಬಾಯಿ ಸುಮ್ಮನಿರಲಿಲ್ಲ.

"ಎಲ್ಲೆ ಬಿಟ್ಟು ಆಚೆ ಮಲಗ್ಬುಟ್ಟಳಲ್ಲ. ಬೇಡ ಅಂದಂಗೇ ಆಯ್ತು. ನಡಿರಿ ಮನೆಗೆ. ಹಿಂದ್ಲ ಕೋಣೆ ಇದ್ದೇ ಇದೆ."

ಬ್ರೋಕರ್ ಟವಲಿನಲ್ಲಿ ಕುತ್ತಿಗೆ ಒರೆಸಿಕೊಂಡ. "ಮಲಗಿತಲ್ಲ ಅಯ್ಯಾ! ಗೋಡೆಯಿಂದ ಒಂದು ಮೊಳ ಆಚೆ, ಅಷ್ಟೇ ತಾನೆ? ಬೇಕಾದ್ರೆ ಆ ಜಾಗಕ್ಕೂ ಮಾತಾಡೋಣ."

ಅದು ಕಾಡು. ಸರ್ಕಾರದ ಕಾಡು. ಅದನ್ನೂ ಮಾರೋಕೆ ಹೊರಟಿದ್ದ! ನಾನು ಅವನ ಅಂಗಿ ಹಿಡಿದೆ. ಒಳಗೆ ಯಾರನ್ನು ಕೂರಿಸಿದ್ದೀಯ, ಹೇಳು ಅಂದೆ. ಅವನು ನನ್ನ ಕೈ ಕಿತ್ತುಹಾಕಿ ಹೇಳಿದ, "ನೀನು ಯಾರನ್ನು ಕೂರಿಸಿದ್ದೀಯ ಅದನ್ನು ಹೇಳು ತಂಬಿ. ಮೊಬೈಲಲ್ಲಿ ಯಾರದೋ ಕೂಗು ಹಾಕಿ, ಹಸುಗೆ ಆಟ ಕಲಿಸಿ ಕರ್ಕೊಂಡು ಬಂದಿದ್ದೀಯ. ದೆವ್ವದ ಮನೆ ಅಂದ್ರೆ ಬೆಲೆ ಇಳೀತದೆ ಅಂತ ತಾನೆ?"

ಈ ಮಾತು ನಮಗಿಂತ ಮೊದಲು ಬೆಟ್ಟ ಇಳಿದು ಊರು ಸೇರಿತು. ಮಾರನೇ ದಿನ ಟೀ ಅಂಗಡಿಯಲ್ಲಿ ನನ್ನ ಜೊತೆಯ ಡ್ರೈವರುಗಳೇ ಶುರು ಮಾಡಿದರು. "ಏನ್ ಮಾಪಳೆ, ನಿನ್ನ ಹಸ ಗೋಡೆ ತೂರ್ಕಂಡು ಹೋಯ್ತಂತೆ? ನಂ ಗಾಡೀನೂ ಅಂಗೇ ಟೋಲ್ ಗೇಟ್ ದಾಟಿಸಿ ಕೊಡಪ್ಪಾ, ಪುಣ್ಯ ಬರ್ತದೆ." ನಾನು ಹಗ್ಗ ತಂದು ತೋರಿಸಿದೆ. ಅಂಥ ಹಗ್ಗ ಸಂತೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ ಅಂದರು.

ಒಂದು ಮಾತು ಇವರೆಲ್ಲರಿಗೂ ಹೇಳುತ್ತೇನೆ. ಅಪ್ಪ ಹೋಗುವಾಗ ನಮ್ಮ ಮನೆಯಲ್ಲಿ ಫೋನೇ ಇರಲಿಲ್ಲ. ಅವನ ಒಂದು ಫೋಟೋ ಇದೆ, ಯಾರದೋ ಮದುವೆಯದು, ಅದರಲ್ಲೂ ಮುಖ ಅರ್ಧ. ಅಪ್ಪನ ಧ್ವನಿ ನನ್ನ ಮೊಬೈಲಿನಲ್ಲಿ ಇದ್ದಿದ್ದರೆ ಅದನ್ನು ಒಬ್ಬ ಬ್ರೋಕರ್ ಹತ್ತಿರ ಬೆಲೆ ಇಳಿಸೋಕೆ ಬಳಸುತ್ತಿದ್ದೆನಾ? ಗಾಡಿಯಲ್ಲಿ ಹಾಡು ಕೇಳೋದನ್ನೇ ಬಿಡುತ್ತಿದ್ದೆ. ಅದನ್ನೇ ಕೇಳಿಕೊಂಡು ದಿಂಡಿಗಲ್‌ವರೆಗೆ ಹೋಗುತ್ತಿದ್ದೆ.

ಅವ್ವನ ವಿಷಯ ಬಿಟ್ಟುಹೋಯಿತು. ಆ ಸಂಜೆ ವಾಪಸು ಬರುವಾಗ ಅವಳು ನನ್ನ ಪಕ್ಕದ ಸೀಟಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಹೆದರಿದ್ದಾಳೆ ಅಂದುಕೊಂಡೆ. ಮನೆ ಹೋಯಿತು, ಇನ್ನು ನಲ್ಲಿಯ ಬೀಗವೇ ಗತಿ ಅಂದುಕೊಂಡೆ. ಮನೆಯ ಹತ್ತಿರ ಗಾಡಿ ನಿಲ್ಲಿಸಿದರೂ ಅವಳು ಇಳಿಯಲಿಲ್ಲ.

"ಕೇಳ್ದೇನ್ಡಾ ನಿಮ್ಮಪ್ಪನ್ನ?" ಅಂದಳು.

"ಕೇಳ್ದೆ."

"ಇಷ್ಟು ವರ್ಸ ಸಂಸಾರ ಮಾಡ್ದೆ. ಒಂದ್ ದಿನ ನನ್ನ ಹೆಸ್ರಿಡ್ದು ಕರೀಲಿಲ್ಲ. 'ಏಯ್' ಅಂತಿದ್ದ. ಇಲ್ದಿದ್ರೆ ಚೊಂಬು ಕುಟ್ಟಿ ಸದ್ದು ಮಾಡ್ತಿದ್ದ. ಹಸಾನ ಮಾತ್ರ ಬಾರವ್ವೋ ಬಾರೋ ಅಂತ ಜೇನು ಸುರ್ಸೋದು. ಈಗ್ಲಾದ್ರೂ ಬುದ್ಧಿ ಬಂತಾ? ನಾನು ಎದುರ್ಗೇ ಕೂತಿವ್ನಿ, ಆಗ್ಲೂ ಹಸಾನೇ ಕರೀತಾನೆ!"

ಅವಳು ಹೆದರಿರಲಿಲ್ಲ. ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು.

"ಅಂಗಾದ್ರೆ ಮನೆ ಬೇಡ್ವಾ ಅವ್ವಾ?" ಅಂತ ಕೇಳಿದೆ.

"ಯಾಕ್ ಬೇಡ? ನನ್ನ ಬರ್ಬೇಡ ಅಂದ್ನಾ? ಮನೆ ತಗೋಡಾ ಮಗಾ. ಅವ್ನತ್ರ ನಾನು ಮಾತಾಡೋದಿದೆ."

ತಗೊಂಡೆ. ಬೆಲೆ ಒಂದು ಪೈಸೆ ಇಳಿಯಲಿಲ್ಲ. ಇದನ್ನು ಟೀ ಅಂಗಡಿಯವರು ಕಿವಿ ತೊಳೆದುಕೊಂಡು ಕೇಳಲಿ. ಆ ಹಾಳು ಚಿಲಕವನ್ನೂ ಕೊನೆಗೆ ನಾನೇ ಕೊಯ್ಯಿಸಿ ತೆಗೆಸಿದೆ. ದೊಡ್ಡಪ್ಪ ಹಾಲುಕ್ಕಿಸುವ ದಿನ ಬಂದು ಪಾಯಸ ಉಂಡು, ಎಲ್ಲೆ ಎಲ್ಲೆ ಅಂತ ಗೊಣಗಿಕೊಂಡು ಹೋದ.

ಅಲ್ಲಿಗೆ ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬೂದಿಯನ್ನು ಎಷ್ಟೋ ಸಲ ಆ ಕೋಣೆಗೆ ಎಳೆದುಕೊಂಡು ಹೋಗಿದ್ದೇನೆ. ಹೋಗುತ್ತಾಳೆ, ತಿರುಗುತ್ತಾಳೆ, ಬಂದ ಬಾಗಿಲಿನಲ್ಲೇ ಹೊರಗೆ ಬರುತ್ತಾಳೆ, ಒಂದು ಸಲ ಸಗಣಿಯನ್ನೂ ಹಾಕಿದಳು. ಹಿಂದಿನ ಬಂಡೆಯ ಮೇಲೆ ನಿಂತು ನಾನೇ ಕೂಗಿ ನೋಡಿದೆ. ಮುಂದೆ ಕೂತಿದ್ದ ಅವ್ವನಿಗೆ ಅದು ಬೆಟ್ಟದ ಕಡೆಯಿಂದ ಕೇಳಿಸಿತೇ ಹೊರತು ಮನೆಯೊಳಗಿನಿಂದ ಅಲ್ಲ. ಅರಣ್ಯದವರು ಬೇಲಿ ಹಾಕಿದ ಮೇಲೆ ಆ ಮೇಲುಗಡೆ ದನ ಮೇಯಿಸುವವರೇ ಇಲ್ಲ ಅಂತ ಕಾಡಿನ ವಾಚರ್ ಹೇಳಿದ. ಯಾವ ದಾರಿಯಲ್ಲಿ ಯೋಚಿಸಿದರೂ ಆ ಕುಣಿಕೆಯ ಹತ್ತಿರ ಬಂದು ನಿಲ್ಲುತ್ತೇನೆ. ಗಂಟು ಬಿಚ್ಚದೆ ಹಸು ಹೇಗೆ ಹೊರಬಂತು? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋದು ನನಗೆ ಇಷ್ಟವೂ ಇಲ್ಲ.

ನಮ್ಮ ಮನೆಗೆ ಬಂದವರೆಲ್ಲಾ ಜಗುಲಿಯಲ್ಲಿ ನಿಂತು ಕಣಿವೆಗೆ ಬೆನ್ನು ಹಾಕಿ ಫೋಟೋ ತೆಗೆದುಕೊಳ್ಳುತ್ತಾರೆ. ಅವ್ವನೂ ಕಣಿವೆಗೆ ಬೆನ್ನು ಹಾಕಿಯೇ ಕೂರುತ್ತಾಳೆ, ಆದರೆ ಹಿಂದಿನ ಕೋಣೆಯಲ್ಲಿ, ಬೆಟ್ಟದ ಕಡೆಯ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು. ನೆರಳು ಇಳಿಯುವ ಹೊತ್ತಿಗೆ ಸರಿಯಾಗಿ ಹೋಗಿ ಕೂತು, ದೀಪ ಹಚ್ಚುವಾಗ ಏಳುತ್ತಾಳೆ. ಹೊಸ್ತಿಲು ಸಿಕ್ಕಿತು, ನಲ್ಲಿ ಸಿಕ್ಕಿತು. ಈಗ ಇದೊಂದು ಬಾಕಿ.

ಮೊನ್ನೆ ತಡೆಯಲಾರದೆ ಕೇಳಿದೆ, "ಕರೆದ್ನಾ ಅವ್ವಾ?"

"ಬೂದೀನ ದೂರ ಒಯ್ದು ಕಟ್ಟುಡಾ," ಅಂದಳು. "ಅದು ಕಣ್ಮುಂದೆ ಇದ್ರೆ ನನ್ನ ಯಾಕ್ ಕರೀತಾನೆ?"

ಅವತ್ತಿನಿಂದ ಹಸುವನ್ನು ಗೇಟಿನ ಆಚೆ ಕಟ್ಟುತ್ತಿದ್ದೇನೆ. ಇನ್ನೂ ಯಾರೂ ಕರೆದಿಲ್ಲ. ಬ್ರೋಕರ್ ಮೇಲಿನ ಸಿಟ್ಟು ಹೋಯಿತು, ಊರಿನವರ ಮೇಲಿನದು ಅರ್ಧ ಹೋಯಿತು. ಅಪ್ಪನ ಮೇಲಿನದು ಹೋಗುತ್ತಿಲ್ಲ. ಅಪ್ಪಾ, ಬಂದದ್ದು ನೀನೇ ಆಗಿದ್ದರೆ, ಅಷ್ಟು ದೂರ ಬಂದವನು ಒಂದು ಮಾತು ನೆಟ್ಟಗೆ ಆಡಬಾರದಿತ್ತಾ? ಅವಳ ಹೆಸರು ರಂಗಮ್ಮ. ಮರೆತಿದ್ದರೆ ಇಲ್ಲಿ ಬರೆದಿದ್ದೇನೆ.